ಅತ್ತೆಗೆ ನಾನು ತೋರಿಸಿದ ಚಂದ್ರ

ಮದುವೆಯಾದ ಗಂಡಸು ತನಗೆ ಬೇಕಾದ ವಸ್ತುವನ್ನು ತನ್ನ ಹೆಸರಿನಲ್ಲಿ ಮನೆಗೆ ತರುವುದಿಲ್ಲ ಎಂಬುದು ಐವತ್ತಾರು ವರ್ಷಗಳಲ್ಲಿ ನಾನು ಕಂಡುಕೊಂಡ ಕೆಲವೇ ಸತ್ಯಗಳಲ್ಲಿ ಒಂದು. ನಮ್ಮ ಮನೆಗೆ ದೊಡ್ಡ ಟಿ.ವಿ. ಬಂದದ್ದು ಹೆಂಡತಿಯ ಕಣ್ಣಿಗೆ ಆಯಾಸವಾಗಬಾರದು ಎಂದು. ಕಾಲು ಒತ್ತುವ ಯಂತ್ರ ಬಂದದ್ದು ಅತ್ತೆಯ ಮೊಣಕಾಲು ನೋವಿಗೆ. ಈಗ ಭಾನುವಾರ ಮಧ್ಯಾಹ್ನ ಆ ಯಂತ್ರಕ್ಕೆ ಕಾಲು ಕೊಟ್ಟು, ಆ ಟಿ.ವಿ.ಯ ಎದುರು ಬಾಯಿ ತೆರೆದುಕೊಂಡು ನಿದ್ದೆ ಹೋಗುವವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಮೂರು ಕಾಲಿನ ಒಂದು ಟೆಲಿಸ್ಕೋಪು ನಮ್ಮ ಮನೆಗೆ ಬಂದಾಗ ಅದೂ ಅತ್ತೆಯ ಹೆಸರಿನಲ್ಲೇ ಬಂತು. ಅದರಿಂದ ಆದ ಅನಾಹುತವನ್ನು ಎಲ್ಲಾದರೂ ಒಂದು ಕಡೆ ಒಪ್ಪಿಕೊಳ್ಳದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಶನಿಗ್ರಹದ ಬಳೆ. ಉಡುಪಿಯ ಶಾಲೆಯಲ್ಲಿ ಆರನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮಾಸ್ತರರು ಕಪ್ಪು ಹಲಗೆಯ ಮೇಲೆ ಅದನ್ನು ಬಿಡಿಸಿ, ಇದನ್ನು ಕಣ್ಣಾರೆ ನೋಡಿದವನು ಭಾಗ್ಯವಂತ ಎಂದಿದ್ದರು. ಮುಂದೆ ನಾನು ಮುಂಬಯಿಗೆ ಬಂದೆ, ಮಾವನ ಹೋಟೆಲಿನ ಗಲ್ಲಾದಲ್ಲಿ ಕುಳಿತೆ, ಅಲ್ಲಿಂದ ಎದ್ದು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಯಾರ್ಡಿಗೆ ಸೇರಿ ಸೂಪರ್‌ವೈಸರ್ ಆದೆ. ಬೆಳಗಿನಿಂದ ಸಂಜೆಯವರೆಗೆ ಲಾರಿಗಳಿಗೆ ಸರಳು ತುಂಬಿಸುವುದು, ಡ್ರೈವರುಗಳೊಂದಿಗೆ ಜಗಳವಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಮನುಷ್ಯ ತಲೆಯೆತ್ತುವುದು ಕ್ರೇನಿನ ಕೊಕ್ಕೆ ಎಲ್ಲಿದೆ ಎಂದು ನೋಡಲು ಮಾತ್ರ. ಆದರೂ ಆ ಬಳೆಯ ಆಸೆ ಒಳಗೆ ಎಲ್ಲೋ ಉಳಿದುಕೊಂಡಿತ್ತು. ಹೆಂಡತಿ ಶಾಲಿನಿಯ ಬಳಿ ಶನಿಯನ್ನು ನೋಡಲು ಯಂತ್ರ ತರುತ್ತೇನೆ ಎಂದರೆ ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಶನಿ ತಾನಾಗಿಯೇ ಬರುವವನು, ಅವನನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ ಎನ್ನುತ್ತಾಳೆ. ಮುಂಬಯಿಯ ಮಗ್ಗುಲಿನ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳಾದರೂ ಇಂಥ ವಿಷಯಗಳಲ್ಲಿ ಅವಳು ಅಪ್ಪಟ ತಾಯಿಯ ಮಗಳು.

ಆ ತಾಯಿ, ಅಂದರೆ ನನ್ನ ಅತ್ತೆ, ನಾಲ್ಕು ವರ್ಷಗಳಿಂದ ಕಳಂಬೋಲಿಗೆ ಹತ್ತಿರದ ಖಾರಘರದ ನಮ್ಮ ಮನೆಯಲ್ಲೇ ಇದ್ದಾರೆ. ಎಪ್ಪತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆ, ಎರಡು ಕಣ್ಣಿಗೂ ಪೊರೆಯ ಆಪರೇಶನ್ ಆಗಿದೆ. ಹಳೆಯ ಕಾಲದವರಾದ್ದರಿಂದ ಅಳಿಯನ ಜೊತೆ ನೇರವಾಗಿ ಮಾತನಾಡುವುದಿಲ್ಲ. ನಾನು ಎದುರಿಗೇ ಕುಳಿತಿದ್ದರೂ ಮಗಳ ಕಡೆ ತಿರುಗಿ, ಅವರಿಗೆ ಇನ್ನೊಂದು ದೋಸೆ ಬೇಕಾ ಕೇಳು ಎನ್ನುತ್ತಾರೆ. ನಾನೂ ಶಾಲಿನಿಗೇ, ಬೇಡ ಎಂದು ಹೇಳು ಎನ್ನುತ್ತೇನೆ. ಅಳಿಯ ಹೇಳಿದ ಮಾತನ್ನು ಅವರು ಎಂದೂ ಅಲ್ಲಗಳೆದವರಲ್ಲ. ಒಮ್ಮೆ ನಾನು ಗಡಿಬಿಡಿಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಅದು ಸಾರಲ್ಲ, ಪಾಯಸ ಎಂದು ಅವರು ಹೇಳಲಿಲ್ಲ. ಮಾರನೆಯ ದಿನದಿಂದ ಪಾಯಸಕ್ಕೆ ಹಾಕುವ ಚಿಟಿಕೆ ಉಪ್ಪನ್ನು ನಿಲ್ಲಿಸಿದರು, ಅಷ್ಟೇ. ಇಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ ಎಂದು ನಾನು ಎಲ್ಲರ ಬಳಿ ಹೇಳಿಕೊಳ್ಳುತ್ತಿದ್ದೆ. ಆ ಮರ್ಯಾದೆಯಿಂದಲೇ ಒಂದು ದಿನ ಜೀವಕ್ಕೆ ಅಪಾಯ ಬಂದೀತು ಎಂದು ನನಗೆ ಹೊಳೆದಿರಲಿಲ್ಲ.

ಅತ್ತೆ ಪ್ರತಿ ತಿಂಗಳೂ ಸಂಕಷ್ಟಿಯ ಉಪವಾಸ ಮಾಡುತ್ತಾರೆ. ಹುಣ್ಣಿಮೆ ಕಳೆದು ನಾಲ್ಕನೆಯ ದಿನ ಬೆಳಗಿನಿಂದ ಏನೂ ತಿನ್ನದೆ ಇದ್ದು, ರಾತ್ರಿ ಗಣಪತಿಗೆ ಪೂಜೆ ಮಾಡಿ, ಚಂದ್ರನನ್ನು ಕಂಡು ಅರ್ಘ್ಯ ಬಿಟ್ಟ ಮೇಲೆಯೇ ಅವರ ಊಟ. ಈ ಊರಿನಲ್ಲಿ ಸಂಕಷ್ಟಿ ಮಾಡುವವರಿಗೆ ಕೊರತೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಗಳಿಗೆಯನ್ನೂ ಅಚ್ಚು ಹಾಕಿರುತ್ತಾರೆ. ಮೋಡವಿದ್ದ ದಿನ ಉಳಿದವರು ಆ ಗಳಿಗೆಯನ್ನು ನೋಡಿಕೊಂಡು ಊಟಕ್ಕೆ ಕೂರುತ್ತಾರೆ. ಅತ್ತೆ ಮಾತ್ರ ಒಪ್ಪುವುದಿಲ್ಲ. ನೋಡಬೇಕಾದದ್ದು ಚಂದ್ರನನ್ನು, ಕ್ಯಾಲೆಂಡರನ್ನಲ್ಲ ಎಂಬುದು ಅವರ ವಾದ. ಆಷಾಢದ ಸಂಕಷ್ಟಿಯಂದು ಚಂದ್ರ ಹನ್ನೊಂದೂವರೆಗೆ ಮುಖ ತೋರಿಸಿದ, ಅಷ್ಟರಲ್ಲಿ ಅತ್ತೆ ಕಿಟಕಿಯ ಬಳಿಯೇ ತಲೆ ತಿರುಗಿ ಕುಸಿದಿದ್ದರು. ಡಾಕ್ಟರು ಬೈದರು. ಶಾಲಿನಿ ಅತ್ತಳು. ಆ ಅಳುವಿನ ನಡುವೆಯೇ ನನಗೆ ಶನಿಗ್ರಹದ ನೆನಪಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಮೋಡದ ಸಂದಿಯಲ್ಲಿ ಚಂದ್ರ ಎಷ್ಟೇ ಸಣ್ಣದಾಗಿ ಇಣುಕಿದರೂ ಹಿಡಿದು ತೋರಿಸುವ ಯಂತ್ರವೊಂದಿದೆ, ಅಮ್ಮನಿಗಾಗಿ ಅದನ್ನು ತರಿಸೋಣವೇ ಎಂದೆ. ಶಾಲಿನಿ ಕಣ್ಣೊರೆಸಿಕೊಂಡು ನನ್ನನ್ನು ನೋಡಿದ ನೋಟದಲ್ಲಿ ಇಪ್ಪತ್ತೆಂಟು ವರ್ಷಗಳಲ್ಲಿ ಕಾಣದ ಪ್ರೀತಿಯಿತ್ತು. ನಾನು ತಲೆ ತಗ್ಗಿಸಿದೆ. ಅದನ್ನೂ ಅವಳು ವಿನಯ ಎಂದುಕೊಂಡಳು.

ಹಳ್ಳಿಯ ಮನೆಗಳಲ್ಲಿ ಇಂಥದ್ದಕ್ಕೆ ಹಿತ್ತಿಲು ಇರುತ್ತದೆ. ನಮಗೆ ಹಿತ್ತಿಲೆಂದರೆ ಏಳು ಮಹಡಿಯ ಮೇಲಿನ ಟೆರೇಸು. ನೀರಿನ ಟಾಂಕಿ, ಡಿಶ್ ಆಂಟೆನಾಗಳು ಮತ್ತು ಯಾರೋ ಒಣಗಲು ಹಾಕಿ ಮರೆತ ಚಾದರು. ಮೊದಲ ದಿನ ನಾನು ಮುಕ್ಕಾಲು ಗಂಟೆ ಆಕಾಶವನ್ನು ನೋಡಿ, ಎಲ್ಲ ಕತ್ತಲು ಎಂದು ನಿಟ್ಟುಸಿರು ಬಿಟ್ಟ ಮೇಲೆ ಮುಂಭಾಗದ ಮುಚ್ಚಳ ತೆಗೆದಿಲ್ಲವೆಂದು ತಿಳಿಯಿತು. ಎರಡನೆಯ ದಿನ ಕಂಡ ಕಪ್ಪು ಕಾಡು ನನ್ನದೇ ರೆಪ್ಪೆಯ ಕೂದಲು. ಮೂರನೆಯ ದಿನ ಚಂದ್ರ ಸಿಕ್ಕಿದ, ಆದರೆ ನಿಲ್ಲಲಿಲ್ಲ. ಭೂಮಿ ತಿರುಗುತ್ತಿರುತ್ತದೆ ಎಂದು ಓದಿದ್ದೆನೇ ಹೊರತು ಅದು ಇಷ್ಟು ಅವಸರದಲ್ಲಿ ತಿರುಗುತ್ತದೆ ಎಂದು ತಿಳಿದಿರಲಿಲ್ಲ. ಚಂದ್ರನನ್ನು ನಡುವೆ ಹಿಡಿದು, ಶಾಲಿನಿಯನ್ನು ಕರೆದು, ಅವಳು ಕನ್ನಡಕ ತೆಗೆದು ಬಗ್ಗುವಷ್ಟರಲ್ಲಿ ಅವನು ಜಾರಿ ಹೊರಗೆ ಹೋಗಿರುತ್ತಿದ್ದ. ಮತ್ತೆ ಹುಡುಕು, ಮತ್ತೆ ಕರೆ. ಹೀಗೆ ಒಂದು ಸಂಜೆಯಲ್ಲಿ ಹದಿನಾಲ್ಕು ಸಲ ನಡೆಯಿತು. ಜೊತೆಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅದು ಆಕಾಶ ನೋಡುವ ಯಂತ್ರದ ಸ್ವಭಾವವಂತೆ. ಹೊಂದಿಸಲು ಪಕ್ಕದಲ್ಲಿ ಒಂದು ತಿರುಪು ಇತ್ತು. ಅದನ್ನು ಹೆಚ್ಚು ಮುಟ್ಟಿದರೆ ಕೆಡಬಹುದು ಎಂದು ನಾನು ಮುಟ್ಟುತ್ತಿರಲಿಲ್ಲ.

ನಾಲ್ಕನೆಯ ದಿನ ಸೊಸೈಟಿಯ ಸೆಕ್ರೆಟರಿ ಬಂದರು. ಎದುರಿನ ವಿಂಗಿನ ಇಬ್ಬರು ಹೆಂಗಸರು ಆಕ್ಷೇಪಿಸಿದ್ದಾರೆ, ಯಂತ್ರದ ಮೂತಿ ಟೆರೇಸಿನ ಗೋಡೆಗಿಂತ ಕೆಳಗೆ ಇಳಿಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು. ನನ್ನ ವಯಸ್ಸಿಗೆ ಇಂಥ ಮಾತೇ ಎಂದು ಕಿವಿ ಬಿಸಿಯಾಯಿತು. ಆಗ ನನ್ನ ಪರವಾಗಿ ನಿಂತವರು ಎರಡನೆಯ ಮಹಡಿಯ ಮರಾಠಿ ಹೆಂಗಸು, ಕಟ್ಟಡಕ್ಕೆಲ್ಲ ಚಿಕ್ಕಮ್ಮನಂತಿರುವ ಪಾಟೀಲ್ ಕಾಕೂ. ಇದು ಸಂಕಷ್ಟಿಗಾಗಿ ತಂದ ಯಂತ್ರ, ಅತ್ತೆಯ ವ್ರತಕ್ಕಾಗಿ ಇಷ್ಟು ಮಾಡುವ ಅಳಿಯ ಯಾರ ಮನೆಯಲ್ಲಿದ್ದಾನೆ ಎಂದು ಅವರು ಸೆಕ್ರೆಟರಿಯನ್ನೇ ದಬಾಯಿಸಿದರು. ಅಷ್ಟಕ್ಕೇ ನಿಲ್ಲಿಸದೆ, ಮುಂದಿನ ಸಂಕಷ್ಟಿಗೆ ನಾವೆಲ್ಲರೂ ಇವರ ಯಂತ್ರದಲ್ಲೇ ಚಂದ್ರನನ್ನು ನೋಡುತ್ತೇವೆ ಎಂದು ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟರು. ಅದು ಮಂಗಳವಾರ ಬರುವ ಅಂಗಾರಕ ಸಂಕಷ್ಟಿ ಬೇರೆ. ವರ್ಷವಿಡೀ ಉಪವಾಸ ಮಾಡದವರೂ ಅಂದು ಮಾಡುತ್ತಾರೆ. ಒಬ್ಬ ಅತ್ತೆಯ ಊಟದ ಹೊಣೆ ಹೊತ್ತವನ ತಲೆಗೆ ಇಡೀ ಕಟ್ಟಡದ ಹಸಿವು ಬಂದು ಕುಳಿತಿತು.

ಆ ಮಂಗಳವಾರ ಬೆಳಗಿನಿಂದಲೂ ಮಳೆ. ಸಂಜೆ ನಿಂತಿತು, ಮೋಡ ಮಾತ್ರ ಕದಲಲಿಲ್ಲ. ಕ್ಯಾಲೆಂಡರಿನ ಪ್ರಕಾರ ಚಂದ್ರೋದಯ ಒಂಬತ್ತು ಇಪ್ಪತ್ತಕ್ಕೆ. ಒಂಬತ್ತು ಗಂಟೆಗೇ ಅತ್ತೆ ಜರಿಯಂಚಿನ ಸೀರೆ ಉಟ್ಟು, ಅರ್ಘ್ಯದ ತಟ್ಟೆ ಹಿಡಿದು ಟೆರೇಸಿನಲ್ಲಿ ಹಾಜರಾದರು. ಅವರ ಹಿಂದೆ ಪಾಟೀಲ್ ಕಾಕೂ, ಕಾಕೂವಿನ ಹಿಂದೆ ಇನ್ನೂ ಹತ್ತು ಜನ. ಎಲ್ಲರ ಕೈಯಲ್ಲೂ ನೀರಿನ ತಂಬಿಗೆ, ಕೆಂಪು ಹೂವು. ಪೂರ್ವಕ್ಕೆ ನೋಡಿದರೆ ಹೊಸದಾಗಿ ಎದ್ದ ಮೂವತ್ತು ಮಹಡಿಯ ಎರಡು ಟವರುಗಳು, ಅವುಗಳ ಮೇಲೆ ಮೋಡ. ಬೆಳಗಿನಿಂದ ಉಪವಾಸವಿದ್ದ ಹನ್ನೆರಡು ಜನರು ಸುಮ್ಮನೆ ನಿಂತು ನಿಮ್ಮ ಬೆನ್ನನ್ನು ನೋಡುವುದು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಒಂಬತ್ತೂವರೆಗೆ ಯಾರೋ ಆಕಳಿಸಿದರು. ಒಂಬತ್ತೂ ಮುಕ್ಕಾಲಿಗೆ ಕಾಕೂ, “ದಿಸ್ಲಾ ಕಾ ಭಾವೂ?” ಎಂದು ಕೇಳಿದರು. ಕಂಡನೇ ಅಣ್ಣಾ ಎಂಬ ಆ ಪ್ರಶ್ನೆಯನ್ನು ಅವರು ಮುಂದಿನ ಹತ್ತು ನಿಮಿಷಗಳಲ್ಲಿ ಐದು ಸಲ ಕೇಳಿದರು. ಅತ್ತೆ ಟಾಂಕಿಯ ಕಟ್ಟೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಹಿಂದಿನ ತಿಂಗಳು ಕುಸಿಯುವ ಮೊದಲೂ ಅವರು ಹೀಗೆಯೇ ಕಣ್ಣು ಮುಚ್ಚಿದ್ದರಂತೆ.

ನಾನು ಸೆಕ್ರೆಟರಿಯ ಆಜ್ಞೆಯನ್ನು ಬದಿಗಿಟ್ಟು ಯಂತ್ರದ ಮೂತಿಯನ್ನು ಕೆಳಕ್ಕೆ ಇಳಿಸಿ, ಎರಡು ಟವರುಗಳ ನಡುವಿನ ಸಂದಿಗೆ ಹಿಡಿದೆ. ಅಲ್ಲಿತ್ತು. ಹಳದಿ ಬಣ್ಣದ, ತುಂಬಿದ, ಅಂಚು ಸ್ವಲ್ಪ ಮಸುಕಾದ ಒಂದು ಬಿಂಬ. ಮಳೆಯ ಆವಿ ಹಾಯುವಾಗ ಅದರ ಮೈಮೇಲೆ ಕಲೆಗಳೂ ಕಂಡವು. ಸಿಕ್ಕಿತು ಎಂದೆ. ಬರಿಗಣ್ಣಿಗೆ ಅಲ್ಲಿ ಒಂದು ಮಿಣುಕಿನ ಹೊರತು ಏನೂ ಕಾಣುವುದಿಲ್ಲವಲ್ಲ ಎಂದು ಯಾರೋ ಅನುಮಾನಿಸಿದಾಗ, ಮಂಜಿನ ಹಿಂದಿದೆ, ಅದಕ್ಕೇ ತಾನೇ ಯಂತ್ರ ಬೇಕಾದದ್ದು ಎಂದು ಗದರಿದೆ. ಚಂದ್ರ ಮಳೆಗಾಲದಲ್ಲಿ ತುಸು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ ಎಂದು ಯಾರೂ ಕೇಳದ ವಿವರಣೆಯನ್ನೂ ಕೊಟ್ಟೆ. ಮೊದಲು ಅತ್ತೆಯನ್ನು ಕರೆಯಲು ಶಾಲಿನಿಗೆ ಹೇಳಿದೆ. ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಬಗ್ಗಿದರು. ಅಳಿಯನ ಮೇಲಿನ ಮೆಚ್ಚುಗೆ ಹೆಚ್ಚಾಗಿ ಹಾಗೆ ನೋಡಿದರು ಎಂದು ನಾನು ತಿಳಿದೆ. ಅವರು ಹೂವು, ಅಕ್ಷತೆ, ನೀರು ಬಿಟ್ಟು ಕೈ ಮುಗಿದು ಶಾಲಿನಿಯ ಜೊತೆ ಕೆಳಗೆ ಹೋದರು.

ಉಳಿದ ಹನ್ನೊಂದು ಜನರೂ ಸಾಲಾಗಿ ನೋಡಿದರು. ಆ ದಿನ ಚಂದ್ರ ನನ್ನ ಮಾತು ಕೇಳಿದ. ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಕಾಕೂ ಎರಡೆರಡು ಸಲ ನೋಡಿದರು, ಅವರ ಯಜಮಾನರು ಫೋಟೋ ತೆಗೆಯಲು ಹೋಗಿ ಐದು ನಿಮಿಷ ತೆಗೆದುಕೊಂಡರು, ಆದರೂ ಬಿಂಬ ನಡುಮಧ್ಯೆ ಕದಲದೆ ಇತ್ತು. ಮೂರು ಕಾಲನ್ನು ಭದ್ರವಾಗಿ ಊರಿದರೆ ಹೀಗೆ, ಇದಕ್ಕೆಲ್ಲ ಕೈ ಪಳಗಬೇಕು ಎಂದು ನಾನು ಹೇಳಿದ್ದನ್ನು ನೆನೆದರೆ ಈಗಲೂ ಕಿವಿ ಮುಚ್ಚಿಕೊಳ್ಳಬೇಕು ಎನಿಸುತ್ತದೆ. ಎಲ್ಲರೂ ಅರ್ಘ್ಯ ಬಿಟ್ಟರು, ನನ್ನನ್ನು ಹರಸಿದರು, ಮೋದಕ ಕಳುಹಿಸುತ್ತೇವೆ ಎಂದು ಇಳಿದು ಹೋದರು. ಟೆರೇಸು ಖಾಲಿಯಾಯಿತು.

ಒಬ್ಬನೇ ಉಳಿದ ಮೇಲೆ ನನ್ನ ಚಂದ್ರನನ್ನು ನಾನೂ ಸಾವಕಾಶವಾಗಿ ನೋಡೋಣ ಎನಿಸಿತು. ಕಲೆಗಳು ಇನ್ನಷ್ಟು ಸ್ಪಷ್ಟವಾಗಲಿ ಎಂದು ಧೈರ್ಯ ಮಾಡಿ ಪಕ್ಕದ ತಿರುಪನ್ನು ತಿರುಗಿಸಿದೆ. ಚಂದ್ರ ಸಣ್ಣಗಾದ. ಇನ್ನೂ ತಿರುಗಿಸಿದೆ, ನಿಂಬೆಹಣ್ಣಿನಷ್ಟಾದ. ಮತ್ತೂ ತಿರುಗಿಸಿದಾಗ ಕಣ್ಣು ಕುಕ್ಕುವ ಒಂದು ಚುಕ್ಕೆಯಾಗಿ ನಿಂತ. ಅವನ ಹಿಂದೆ ಒಂದು ಕಂಬ ಮೂಡಿತು. ಕಂಬದ ಪಕ್ಕದಲ್ಲಿ ಹಳದಿ ಕ್ರೇನೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಆ ಕ್ರೇನು ನನಗೆ ಗೊತ್ತು. ಅದರ ತೊಲೆಯ ಮೇಲೆ ನಮ್ಮ ಯಾರ್ಡಿನ ಗುರುತನ್ನು ಬರೆಸಿದವನು ನಾನೇ. ಆ ಕಂಬದ ಆರು ದೀಪಗಳಲ್ಲಿ ಐದು ಕೆಟ್ಟು ಎರಡು ತಿಂಗಳಾಗಿತ್ತು, ಹಮಾಲರು ದಿನಾ ದೂರುತ್ತಿದ್ದರು, ನಾನು ದಿನಾ ನೋಡೋಣ ಎನ್ನುತ್ತಿದ್ದೆ. ಆರೂ ಉರಿಯುತ್ತಿದ್ದರೆ ಬಿಂಬಗಳು ಆರು ಕಾಣುತ್ತಿದ್ದವು, ಯಾರೂ ಮೋಸ ಹೋಗುತ್ತಿರಲಿಲ್ಲ. ತಿರುಪು ಸರಿಯಿಲ್ಲದಾಗ ಯಾವ ದೀಪವಾದರೂ ದುಂಡಗೆ ಹಿಗ್ಗಿ ಕಾಣುತ್ತದೆ ಎಂದು ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯಲ್ಲಿ ಬರೆದಿತ್ತಂತೆ. ಹನ್ನೆರಡು ಜನ ಉಪವಾಸಿಗಳಿಂದ ನಾನು ಕಳಂಬೋಲಿಯ ಕಬ್ಬಿಣದ ಯಾರ್ಡಿಗೆ ಅರ್ಘ್ಯ ಬಿಡಿಸಿದ್ದೆ.

ಅಲ್ಲೇ ಕುಳಿತೆ. ಈಗ ಓಡಿ ಹೋಗಿ ಹೇಳಿದರೆ ಏನಾಗುತ್ತದೆ? ಕಾಕೂ ಮೊದಲ ಮೋದಕವನ್ನು ಬಾಯಿಗಿಟ್ಟಿರುತ್ತಾರೆ. ಅತ್ತೆ ಅನ್ನ ಕಲಸಿರುತ್ತಾರೆ. ಅರ್ಧ ಊಟದಲ್ಲಿ ಎಬ್ಬಿಸಿದರೆ ವ್ರತವೂ ಕೆಟ್ಟಿತು, ಊಟವೂ ಕೆಟ್ಟಿತು. ಹೇಳದಿದ್ದರೆ ಯಾರಿಗೂ ಏನೂ ನಷ್ಟವಿಲ್ಲ. ಗಣಪತಿಗೆ ಭಕ್ತಿ ಮುಖ್ಯ, ಬಲ್ಬು ಯಾವ ಕಂಪನಿಯದು ಎಂದು ಅವನು ನೋಡುವುದಿಲ್ಲ. ಹೀಗೆ ಒಂದೊಂದೇ ಸಮಾಧಾನವನ್ನು ಜೋಡಿಸಿಕೊಳ್ಳುತ್ತ ಟಾಂಕಿಯ ಬಳಿ ಅರ್ಧ ಗಂಟೆ ಕಳೆದೆ. ಹೇಡಿತನಕ್ಕೆ ಇಷ್ಟೊಂದು ಒಳ್ಳೆಯ ಕಾರಣಗಳು ಸಿಗುತ್ತವೆ ಎಂದು ನನಗೆ ಅಂದೇ ಗೊತ್ತಾಯಿತು. ಕೊನೆಗೆ ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿ ಯಂತ್ರವನ್ನು ಹೊತ್ತುಕೊಂಡು ಕೆಳಗಿಳಿದೆ.

ಬಾಗಿಲಲ್ಲೇ ಶಾಲಿನಿ ಎದುರಾದಳು. ಮುಖ ಬಿಳಿಚಿತ್ತು. “ಅಮ್ಮ ಊಟ ಮಾಡ್ತಾ ಇಲ್ಲ. ಮಾತ್ರೆ ತಗೊಂಡು ಮುಕ್ಕಾಲು ಗಂಟೆ ಆಯ್ತು” ಎಂದಳು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಮಾಡದಿದ್ದರೆ ಏನಾಗುತ್ತದೆಂದು ನಮಗಿಬ್ಬರಿಗೂ ಗೊತ್ತು. ಕೆಳಗೆ ಬಂದ ಕೂಡಲೇ ಅವಳೇ ಮಾತ್ರೆ ಕೊಟ್ಟು, ಬಡಿಸಿ, ಕೂರಿಸಿದ್ದಳು. ಅತ್ತೆ ಎಲೆಯ ಮುಂದೆ ಕೈ ಕಟ್ಟಿ ಕುಳಿತಿದ್ದರು. ಮೊದಲು ಅನ್ನ ಬಿಸಿಯಿದೆ ಎಂದರಂತೆ. ತಣಿದ ಮೇಲೆ ಹೊಟ್ಟೆ ಭಾರ ಎಂದರಂತೆ. ಹಣೆಯ ಮೇಲೆ ಬೆವರಿನ ಹನಿಗಳಿದ್ದವು, ಬೆರಳು ಸಣ್ಣಗೆ ನಡುಗುತ್ತಿತ್ತು. ನಾನು ಹತ್ತಿರ ಹೋಗಿ, ಚಂದ್ರನನ್ನು ನೋಡಿ ಆಯಿತಲ್ಲ, ಇನ್ನೇಕೆ ತಡ, ಊಟ ಮಾಡಲು ಹೇಳು ಎಂದು ಶಾಲಿನಿಗೆ ಹೇಳಿದೆ. ಅತ್ತೆ ಮಗಳ ಕಡೆ ತಿರುಗಿದರು. “ಅವರು ತೋರಿಸಿದ್ದು ಹೌದು ಮಗಾ. ನಾನು ನೋಡಿದ್ದೂ ಹೌದು” ಎಂದರು. ಆದರೆ ಕೈ ಎಲೆಗೆ ಇಳಿಯಲಿಲ್ಲ.

ಟೆರೇಸಿನಲ್ಲಿ ಅವರು ನನ್ನ ಮುಖ ನೋಡಿ ಮತ್ತೆ ಬಗ್ಗಿದ್ದು ನೆನಪಾಯಿತು. ಇನ್ನು ಸಮಾಧಾನಗಳ ಕಾಲವಲ್ಲ ಎಂದು ತಿಳಿಯಿತು. ಜೀವನದಲ್ಲಿ ಮೊದಲ ಸಲ ಶಾಲಿನಿಯನ್ನು ನಡುವೆ ತರದೆ ನೇರವಾಗಿ ಹೇಳಿದೆ: “ಅತ್ತೆ, ಅದು ಚಂದ್ರ ಅಲ್ಲ. ನಮ್ಮ ಯಾರ್ಡಿನ ದೀಪ. ನನಗೆ ಆಮೇಲೆ ಗೊತ್ತಾಯಿತು.”

ಅವರು ಸಿಟ್ಟಾಗಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟರು. “ಹಾಗಾದ್ರೆ ನನ್ನ ಕಣ್ಣು ಸಮ ಉಂಟು” ಎಂದರು. ಆಮೇಲೆ ಮಗಳಿಗೆ, “ಚೌತಿಯ ಚಂದ್ರ ಅಷ್ಟು ಉರುಟು ಇರುದಿಲ್ಲ ಮಗಾ. ಮೇಲಿನ ಬದಿ ಸ್ವಲ್ಪ ಸವೆದಿರ್ತದೆ. ನಲ್ವತ್ತು ವರ್ಷದಿಂದ ನೋಡ್ತಾ ಇದ್ದೇನೆ. ನನಗಾಗಿ ಅಂತ ಅಷ್ಟು ದೊಡ್ಡ ಯಂತ್ರ ತಂದಿದ್ದಾರೆ, ಅದು ಚಂದ್ರ ಅಲ್ಲ ಅಂತ ಅಷ್ಟು ಜನರ ಎದುರು ನಾನು ಹೇಗೆ ಹೇಳುದು” ಎಂದರು. ಅಳಿಯನ ಮಾನ ಉಳಿಸಲು ಸುಳ್ಳು ಚಂದ್ರನಿಗೆ ಅರ್ಘ್ಯ ಬಿಟ್ಟು, ವ್ರತ ಉಳಿಸಲು ಹಸಿದು ಕುಳಿತಿದ್ದರು. ನಾನು ಬಾಯಿ ಬಿಡದೆ ಇದ್ದಿದ್ದರೆ ಅವರೂ ಬಿಡುತ್ತಿರಲಿಲ್ಲ. ನನಗಾಗಿ ತಂದದ್ದು ಎಂಬ ಅವರ ಮಾತು ನನ್ನನ್ನು ಚುಚ್ಚಿದ ಹಾಗೆ ಯಾವ ಬೈಗುಳವೂ ಚುಚ್ಚಿಲ್ಲ.

ಶಾಲಿನಿಗೆ ನನ್ನನ್ನು ಬೈಯಲು ಪುರುಸೊತ್ತಿರಲಿಲ್ಲ. ಹತ್ತು ನಿಮಿಷ, ಅಷ್ಟರಲ್ಲಿ ಚಂದ್ರ ಕಾಣದಿದ್ದರೆ ನಾನೇ ಬಾಯಿಗೆ ಸಕ್ಕರೆ ಹಾಕುತ್ತೇನೆ, ಪಾಪ ನನಗಿರಲಿ ಎಂದು ತಾಯಿಗೆ ಹೇಳಿದಳು. ನಾನು ಅರ್ಘ್ಯದ ತಟ್ಟೆ ಹಿಡಿದು ಓಡಿದೆ. ನಮ್ಮ ಗೇಟಿನಲ್ಲಿ ನಿಂತರೆ ಟವರುಗಳೇ ಅಡ್ಡ. ರಿಕ್ಷಾ ಹತ್ತಿದೆವು. ಎಲ್ಲಿಗೆ ಎಂದು ಕೇಳಿದ ರಿಕ್ಷಾದವನಿಗೆ ನಾನು, “ಜಹಾಂ ಚಾಂದ್ ದಿಖೇ” ಎಂದೆ. ಚಂದ್ರ ಕಾಣುವಲ್ಲಿಗೆ ಬಿಡು ಎಂದ ಗಿರಾಕಿಯನ್ನು ಅವನು ಕನ್ನಡಿಯಲ್ಲಿ ಒಮ್ಮೆ ದಿಟ್ಟಿಸಿದ. ಅತ್ತೆಯ ಸೀರೆ, ತಟ್ಟೆಯ ಹೂವು ನೋಡಿ ಅರ್ಥವಾಯಿತು. ತನ್ನ ತಾಯಿಯೂ ಸಂಕಷ್ಟಿ ಮಾಡುತ್ತಾಳೆ ಎಂದು ಹೇಳಿ ಮರುಮಾತಿಲ್ಲದೆ ತಳೋಜೆಯ ಕಡೆಯ ರಸ್ತೆಗೆ ತಿರುಗಿಸಿದ.

ಆ ರಿಕ್ಷಾದಲ್ಲಿ ಅತ್ತೆ ಶಾಲಿನಿಯ ಭುಜಕ್ಕೆ ತಲೆಯಿಟ್ಟಿದ್ದರು. ನಾನು ಈ ಕಡೆ ತಲೆ ಹೊರಗೆ ಹಾಕಿ ಆಕಾಶ ನೋಡುತ್ತ, ಅಷ್ಟು ಕಷ್ಟಪಟ್ಟು ಏಕೆ ಈ ವ್ರತ, ಭಾವನ ಹೋಟೆಲು ಹೇಗೂ ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು ಗೊಣಗಿದೆ. ಅತ್ತೆ ಇದನ್ನೆಲ್ಲ ಕೋಪರಖೈರಣೆಯಲ್ಲಿ ಹೋಟೆಲು ನಡೆಸುವ ಮಗನ ಏಳಿಗೆಗಾಗಿ ಮಾಡುತ್ತಾರೆ ಎಂದೇ ನಾನು ನಂಬಿದ್ದೆ, ತಮಾಷೆಯನ್ನೂ ಮಾಡುತ್ತಿದ್ದೆ. ಶಾಲಿನಿ ನನ್ನ ಕಡೆ ನೋಡದೆ, “ಅವನಿಗಲ್ಲ. ನಿಮಗೆ” ಎಂದಳು. ಒಂದೂವರೆ ವರ್ಷದ ಹಿಂದೆ ನನ್ನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ ದಿನ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಚಂದ್ರನನ್ನು ಕಣ್ಣಾರೆ ಕಾಣದೆ ಉಣ್ಣದ ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೊತ್ತಿದ್ದರಂತೆ. ಇದು ಹತ್ತೊಂಬತ್ತನೆಯದು. ನಡುವೆ ತಪ್ಪಿದರೆ ಮತ್ತೆ ಒಂದರಿಂದ ಶುರು. ನನಗೆ ಹೇಳಬಾರದು ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದರು. ಇದನ್ನು ಕೇಳಿದ್ದೇ ತಡ, ನನಗೆ ಎಡಗಡೆ ಎದೆಯಲ್ಲಿ ಚುಳುಕ್ ಎಂದಿತು. ಅದು ಪಶ್ಚಾತ್ತಾಪ ಎಂದು ಬರೆಯಲು ನನಗೂ ಆಸೆಯಿದೆ. ಆದರೆ ನನಗೆ ಮೊದಲು ಬಂದ ಯೋಚನೆ, ಹತ್ತೊಂಬತ್ತನೆಯದು ಕೆಟ್ಟಿದ್ದರೆ ನನ್ನ ಗತಿ ಏನು ಎಂಬುದೇ. ಅತ್ತೆಯ ನಡುಗುವ ಕೈ ಕಣ್ಣಿಗೆ ಬಿದ್ದದ್ದು ಅದರ ನಂತರ. ಅಳು ಬಂದದ್ದು ಆಗ.

ಟವರುಗಳು ಹಿಂದೆ ಸರಿದವು. ರಸ್ತೆಯ ಎಡಕ್ಕೆ ಖಾಲಿ ಜಾಗ, ನಿಂತ ಮಳೆನೀರು, ಮೇಲೆ ಅದೇ ಬೂದು ಮೋಡ. ಶಾಲಿನಿ ಸಕ್ಕರೆಯ ಪೊಟ್ಟಣ ಬಿಚ್ಚಿದಳು. ಇನ್ನೊಂದು ನಿಮಿಷ ಎಂದೆ. ಇಲ್ಲ ಎಂದಳು. ಅಷ್ಟರಲ್ಲಿ ರಿಕ್ಷಾದವನೇ ಗಕ್ಕನೆ ಬ್ರೇಕು ಹಾಕಿ, ಕತ್ತು ಹೊರಗೆ ಚಾಚಿ, “ಮಾಜೀ, ವೋ ದೇಖೋ” ಎಂದ. ಮೋಡ ಒಂದು ಕಡೆ ಹರಿದಿತ್ತು. ಅದರ ನಡುವೆ ಚಂದ್ರ ನಿಂತಿದ್ದ. ಉರುಟಾಗಿರಲಿಲ್ಲ; ಮೇಲಿನ ಬದಿ ಸ್ವಲ್ಪ ಸವೆದಿತ್ತು. ಅತ್ತೆಯನ್ನು ಇಬ್ಬರೂ ಹಿಡಿದು ಇಳಿಸಿದೆವು. ಅವರು ನೋಡಿ, ಒಂದೇ ನೋಟಕ್ಕೆ ಹೂಂ ಎಂದರು. ಚರಂಡಿಯ ಕಟ್ಟೆಯ ಮೇಲೆ ನಿಂತು ಅರ್ಘ್ಯ ಬಿಟ್ಟರು. ಶಾಲಿನಿ ಡಬ್ಬಿಯಿಂದ ಪಂಚಕಜ್ಜಾಯ ತೆಗೆದು ತಾಯಿಯ ಬಾಯಿಗಿಟ್ಟಳು. ಅವರು ಅಗಿದು ನುಂಗುವವರೆಗೂ ನಾವು ಮೂವರೂ, ರಿಕ್ಷಾದವನೂ ಸೇರಿ, ಅವರ ಗಂಟಲನ್ನೇ ನೋಡುತ್ತಿದ್ದೆವು. ಎರಡನೆಯ ತುತ್ತಿಗೆ ಮುಖಕ್ಕೆ ಬಣ್ಣ ಬಂತು. ಮೂರನೆಯದಕ್ಕೆ ಅವರು ಮಗಳಿಗೆ, ರಿಕ್ಷಾದವನಿಗೂ ಸ್ವಲ್ಪ ಕೊಡು, ಅವರಿಗೂ ಕೊಡು ಎಂದರು. ಆ ಅವರು ಎಂದರೆ ನಾನು.

ಮಾರನೆಯ ಬೆಳಿಗ್ಗೆ ಪಾಟೀಲ್ ಕಾಕೂ ಹನ್ನೊಂದು ಮೋದಕ ತಂದು ಕೊಟ್ಟರು. ಇಷ್ಟು ಸ್ಪಷ್ಟವಾದ ಸಂಕಷ್ಟಿ ಚಂದ್ರನನ್ನು ತಾವು ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ. ಅವರ ಯಜಮಾನರು ತೆಗೆದ ಫೋಟೋ ಗುಂಪಿನಲ್ಲಿ ಓಡಾಡುತ್ತಿತ್ತು, ಸೆಕ್ರೆಟರಿಯೂ ಕೈ ಮುಗಿದ ಚಿತ್ರ ಹಾಕಿದ್ದರು. ಹೇಳಬೇಕೆಂದು ಬಾಯಿ ತೆರೆದೆ. ಕಾಕೂ ಅದರೊಳಗೆ ಒಂದು ಮೋದಕ ಇಟ್ಟರು. ಆಮೇಲೆ ಎರಡು ಸಂಕಷ್ಟಿ ಬಂದು ಹೋದವು. ಪುಣ್ಯಕ್ಕೆ ಎರಡು ದಿನವೂ ಚಂದ್ರ ಟವರುಗಳ ಮೇಲೆ ಬರಿಗಣ್ಣಿಗೇ ಕಂಡ, ಅತ್ತೆಯ ಇಪ್ಪತ್ತೊಂದು ಮುಗಿಯಿತು. ಯಾರ್ಡಿನ ದೀಪಗಳು ಈಗ ಆರೂ ಉರಿಯುತ್ತಿವೆ. ಆದರೆ ಕಟ್ಟಡದ ಹನ್ನೊಂದು ಜನರಿಗೆ ಸತ್ಯ ಹೇಳುವುದು ಮಾತ್ರ ಬಾಕಿ ಉಳಿಯಿತು. ಅದಕ್ಕೇ ಇದನ್ನು ಬರೆಯಲು ಕುಳಿತೆ. ಎಲ್ಲವನ್ನೂ, ಶನಿಯ ಬಳೆಯನ್ನೂ ಸೇರಿಸಿ, ಬಿಡದೆ ಬರೆದೆ. ಬರೆದು ಮುಗಿದಾಗ ಮನಸ್ಸು ಹಗುರಾಯಿತು, ನಾನು ಧೈರ್ಯವಂತ ಎಂದೂ ಅನಿಸಿತು. ನಮ್ಮ ಕಟ್ಟಡದಲ್ಲಿ ಕನ್ನಡ ಓದಲು ಬರುವವರು ಇಬ್ಬರೇ, ನಾನು ಮತ್ತು ಅತ್ತೆ. ಶಾಲಿನಿಗೆ ಮಾತನಾಡಲು ಮಾತ್ರ ಬರುತ್ತದೆ.

ಅತ್ತೆ ಇದನ್ನು ನಿನ್ನೆ ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ಓದಿದರು. ಶನಿಯ ಬಳೆಯ ಭಾಗ ಬಂದಾಗ ಅವರ ಮುಖವನ್ನು ನಾನು ನೋಡಲಿಲ್ಲ, ಪೇಪರು ಹಿಡಿದುಕೊಂಡಿದ್ದೆ. ಓದಿ ಮುಗಿಸಿ, ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು. ಮಗಳನ್ನು ಕರೆದರು. “ಚಂದ ಬರ್ದಿದ್ದಾರೆ. ಇದನ್ನು ಮರಾಠಿಯಲ್ಲಿ ಬರೆಯಲಿಕ್ಕೆ ಬರುದಿಲ್ವಾ ಅಂತ ಕೇಳು ಅವರಿಗೆ” ಎಂದರು. ಮೂವತ್ತು ವರ್ಷ ಕಳಂಬೋಲಿಯ ಲಾರಿ ಡ್ರೈವರುಗಳ ಜೊತೆ ಮರಾಠಿಯಲ್ಲೇ ಜಗಳವಾಡಿ, ಮರಾಠಿಯಲ್ಲೇ ಗೇಟ್ ಪಾಸು ಬರೆದು, ಮರಾಠಿಯಲ್ಲೇ ಕನಸು ಕಾಣುವ ನಾನು ಪೇಪರು ಇಳಿಸದೆ ಶಾಲಿನಿಗೆ ಹೇಳಿದೆ, ನನ್ನ ಮರಾಠಿ ಅಷ್ಟೊಂದು ಚೆನ್ನಾಗಿಲ್ಲ ಎಂದು ಹೇಳು.